ಗೆರೆಗಿಂತ ಮೊದಲು ಭಾರ: ಮನುಷ್ಯಾಕೃತಿ ಬಿಡಿಸಲು ಕಲಿಯುವವರಿಗೆ

ಮನುಷ್ಯಾಕೃತಿ ಬಿಡಿಸಲು ಕೂತ ಹೊಸಬರಲ್ಲಿ ಹೆಚ್ಚಿನವರು ತಲೆಯಿಂದ ಶುರು ಮಾಡುತ್ತಾರೆ. ಕಣ್ಣು, ಮೂಗು, ತುಟಿ, ಕೂದಲು ಅಂತ ಅಲ್ಲೇ ಅರ್ಧ ಗಂಟೆ ಕಳೆದುಹೋಗುತ್ತದೆ. ಆಮೇಲೆ ಕುತ್ತಿಗೆ, ಭುಜ, ಅಂಗಿಯ ಗುಂಡಿ. ಮೊಣಕಾಲಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ, ಉಳಿದ ಎರಡು ಬೆರಳಗಲದಲ್ಲಿ ಪಾದಗಳನ್ನು ತುರುಕಬೇಕು. ಮುಖ ಚೆನ್ನಾಗಿಯೇ ಬಂದಿದ್ದೀತು. ಆದರೆ ಚಿತ್ರದಲ್ಲಿರುವ ಮನುಷ್ಯ ನೆಲದ ಮೇಲೆ ನಿಂತಿರುವುದಿಲ್ಲ.

ಕೈ ಇನ್ನೂ ಪಳಗಿಲ್ಲ, ಅದಕ್ಕೇ ಹೀಗೆ ಅಂದುಕೊಂಡು ಮತ್ತೆ ಕಣ್ಣು-ಮೂಗನ್ನೇ ತಿದ್ದುತ್ತ ಕೂರುವವರು ಬೇಕಾದಷ್ಟು ಜನ. ಕೈಗಿಂತ ಮೊದಲು ತಿದ್ದಬೇಕಾದದ್ದು ನೋಡುವ ಕ್ರಮವನ್ನು. ಎದುರಿಗಿರುವ ದೇಹ ನಿಂತಿರಲಿ, ಕೂತಿರಲಿ, ಗೋಡೆಗೆ ಒರಗಿರಲಿ, ತನ್ನ ತೂಕವನ್ನು ಎಲ್ಲೋ ಒಂದು ಕಡೆ ಇಳಿಸಿರುತ್ತದೆ. ಆ ಜಾಗ ಗೊತ್ತಾದರೆ ಸೊಂಟ ಎತ್ತ ವಾಲಬೇಕು, ಯಾವ ಭುಜ ಇಳಿಯಬೇಕು, ತಲೆ ಎಲ್ಲಿ ಕೂರಬೇಕು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ. ಗೊತ್ತಾಗದಿದ್ದರೆ ಸ್ನಾಯುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದರೂ ಅಷ್ಟಕ್ಕಷ್ಟೇ. ಮುಂದಿನ ಹಂತಗಳೆಲ್ಲ ಆ ಒಂದು ಪ್ರಶ್ನೆಯಿಂದಲೇ ಹೊರಡುತ್ತವೆ: ಭಾರ ಎಲ್ಲಿದೆ?

ಸಾಮಗ್ರಿ, ಹಿಡಿತ

ಒಳ್ಳೆಯ ಕಾಗದ ಈ ಹಂತದಲ್ಲಿ ಅಡ್ಡಿಯೇ ಸರಿ. ಹಾಳಾದೀತೆಂಬ ಅಳುಕಿಗೆ ಗೆರೆ ಮುದುಡಿಕೊಳ್ಳುತ್ತದೆ. ನ್ಯೂಸ್‌ಪ್ರಿಂಟ್ ಸಾಕು, ಒಂದು ಬದಿ ಖಾಲಿಯಿರುವ ಹಳೆಯ ಹಾಳೆಗಳಾದರೂ ಆದೀತು. ಅಳತೆ ಮಾತ್ರ ಎ3ಗಿಂತ ಚಿಕ್ಕದಾಗಬಾರದು. 4ಬಿ ಪೆನ್ಸಿಲ್ ಒಂದು, ತೆಳ್ಳಗಿನ ಚಾರ್ಕೋಲ್ ಕಡ್ಡಿ ಒಂದೆರಡು. ರಬ್ಬರನ್ನು ಮೊದಲ ಕೆಲವು ವಾರ ಕೈಗೆ ಸಿಗದ ಕಡೆ ಇಡಿ. ತಪ್ಪಿದ ಗೆರೆ ಅಲ್ಲೇ ಇರಲಿ, ಅದರ ಪಕ್ಕದಲ್ಲಿ ಸರಿಯಾದದ್ದನ್ನು ಎಳೆಯಿರಿ. ಎಷ್ಟು ತಪ್ಪಿದೆ ಎಂದು ಕಣ್ಣಿಗೆ ಕಾಣುತ್ತಿದ್ದರೇ ತಿದ್ದುವುದು ಸುಲಭ.

ಹಲಗೆಯನ್ನು ಮೇಜಿನ ಮೇಲೆ ಮಟ್ಟಸವಾಗಿ ಮಲಗಿಸಬೇಡಿ. ಹಾಗೆ ಮಾಡಿದರೆ ಹಾಳೆಯ ಮೇಲ್ತುದಿ ಕಣ್ಣಿಗೆ ದೂರವಾಗಿ ಕುಗ್ಗಿದಂತೆ ಕಾಣುತ್ತದೆ. ಅದನ್ನು ಸರಿದೂಗಿಸಲು ಕೈ ತನಗರಿವಿಲ್ಲದೆ ಮೇಲಿನ ಭಾಗವನ್ನು ಉದ್ದ ಮಾಡಿಬಿಡುತ್ತದೆ. ಎತ್ತಿ ಹಿಡಿದು ನೋಡಿದಾಗ ತಲೆ, ಎದೆ ದೊಡ್ಡದಾಗಿ ಕಾಲು ಗಿಡ್ಡವಾಗಿರುತ್ತವೆ. ಹಲಗೆಯನ್ನು ಕುರ್ಚಿಯ ಬೆನ್ನಿಗೆ ಆನಿಸಿ ಆದಷ್ಟು ನೆಟ್ಟಗೆ ನಿಲ್ಲಿಸಿಕೊಳ್ಳಿ.

ಪೆನ್ಸಿಲನ್ನು ಬರೆಯುವ ಹಾಗೆ ತುದಿಯಲ್ಲಿ ಹಿಡಿದರೆ ಮಣಿಕಟ್ಟು ತಿರುಗುವಷ್ಟೇ ಗೆರೆ ಬರುತ್ತದೆ, ಉದ್ದದ ಗೆರೆಯನ್ನು ತುಂಡುತುಂಡಾಗಿ ಕೆರೆಯಬೇಕಾಗುತ್ತದೆ. ಅಂಗೈ ಹಾಳೆಯ ಕಡೆಗಿರುವಂತೆ, ಪೆನ್ಸಿಲಿನ ಹಿಂಭಾಗವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಸಡಿಲವಾಗಿ ಹಿಡಿದು ಭುಜದಿಂದ ಎಳೆಯಿರಿ. ಮೊದಮೊದಲು ಗೆರೆ ಎತ್ತೆತ್ತಲೋ ಹೋಗುತ್ತದೆ, ಹೋಗಲಿ.

ಮೊದಲ 30 ಸೆಕೆಂಡು

ಇದಕ್ಕೆ ಚಿತ್ರಕಾರರು ಗೆಶ್ಚರ್ ಅನ್ನುತ್ತಾರೆ. ಭಂಗಿಯ ಓಟವನ್ನು ಹಿಡಿಯುವ ತ್ವರಿತ ರೇಖಾಚಿತ್ರ. ಒಬ್ಬರು ಹೆಗಲಿಗೆ ಚೀಲ ನೇತುಹಾಕಿಕೊಂಡು ಯಾರಿಗೋ ಕಾಯುತ್ತ ನಿಂತಿದ್ದಾರೆ ಅಂದುಕೊಳ್ಳಿ. ಪೆನ್ಸಿಲ್ ಹಾಳೆಗೆ ಮುಟ್ಟುವ ಮೊದಲು ಐದಾರು ಸೆಕೆಂಡು ಸುಮ್ಮನೆ ನೋಡಿ. ಯಾವ ಕಾಲು ನೆಟ್ಟಗಿದೆ? ಅದೇ ಭಾರ ಹೊತ್ತ ಕಾಲು. ಈಗ ನೆತ್ತಿಯಿಂದ ಹೊರಟು ಕುತ್ತಿಗೆ, ಬೆನ್ನೆಲುಬಿನ ಬಾಗು, ಸೊಂಟ ದಾಟಿ ಆ ಕಾಲಿನ ಹಿಮ್ಮಡಿಯವರೆಗೆ ಒಂದೇ ಉಸಿರಿಗೆ ಒಂದು ಗೆರೆ. ಅದು ದೇಹದ ಹೊರಗೆರೆಯಲ್ಲ, ಒಳಗೆ ಹರಿಯುವ ಗೆರೆ. ಅದಕ್ಕೆ ಅಡ್ಡಲಾಗಿ ಭುಜಗಳ ವಾಲು ತೋರಿಸುವ ಚಿಕ್ಕ ಗೆರೆ, ಅದರ ಕೆಳಗೆ ಸೊಂಟದ ವಾಲು ತೋರಿಸುವ ಇನ್ನೊಂದು. ಸಡಿಲವಾಗಿ ಬಿಟ್ಟ ಕಾಲಿಗೊಂದು, ಕೈಗಳಿಗೊಂದೊಂದು. ಕೊನೆಗೆ ತಲೆಗೆ ಒಂದು ಸಣ್ಣ ಅಂಡಾಕಾರ, ಅಷ್ಟೇ. ಮುಖವೂ ಬೇಡ, ಬೆರಳೂ ಬೇಡ, ಚೀಲವೂ ಬೇಡ. ಚೀಲದ ತೂಕಕ್ಕೆ ಭುಜ ಮೇಲೆದ್ದಿದ್ದರೆ ಆ ವಾಲು ಮಾತ್ರ ಬೇಕು.

ಹೀಗೆ ಬಂದದ್ದು ಚಿತ್ರದ ಹಾಗೆ ಕಾಣುವುದಿಲ್ಲ. ಐದಾರು ಗೆರೆಗಳ ಗೊಂಚಲು ಅಷ್ಟೇ. ಆದರೆ ದೂರದಿಂದ ನೋಡಿದವರು ಅದೇ ಭಂಗಿಯಲ್ಲಿ ನಿಂತು ತೋರಿಸುವಂತಿದ್ದರೆ ಅದು ಗೆದ್ದಿದೆ. 30 ಸೆಕೆಂಡಿನ ಗಡುವು ಇರುವುದೇ ಬೇಡದ್ದಕ್ಕೆ ಸಮಯ ಸಿಗದಿರಲಿ ಎಂದು. ಗಡುವು ಮುಗಿದ ಮೇಲೂ ತಿದ್ದುತ್ತ ಕೂತರೆ ಈ ಅಭ್ಯಾಸದ ಫಲ ಸಿಗುವುದಿಲ್ಲ.

ಭಾರವನ್ನು ಮೈಯಲ್ಲೇ ಅರಿಯುವುದು

ಎದ್ದು ನಿಂತುಕೊಳ್ಳಿ. ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಎಡ ಮೊಣಕಾಲನ್ನು ಸಡಿಲ ಬಿಡಿ. ಎರಡೂ ಕೈಗಳಿಂದ ಸೊಂಟದ ಮುಂದಿನ ಮೂಳೆಗಳನ್ನು ಮುಟ್ಟಿ ನೋಡಿ. ಬಲಗಡೆಯದು ಮೇಲಿದೆ, ಎಡಗಡೆಯದು ಇಳಿದಿದೆ. ಈಗ ಕನ್ನಡಿಯಲ್ಲಿ ಭುಜ ನೋಡಿ. ಸಮತೋಲಕ್ಕಾಗಿ ಅಲ್ಲಿ ತಿರುವುಮುರುವಾಗಿರುತ್ತದೆ, ಬಲಭುಜ ಇಳಿದಿರುತ್ತದೆ. ಹೀಗಾಗಿ ಬಲಪಕ್ಕೆ ಒತ್ತಿಕೊಂಡು ಮಡಿಕೆ ಬೀಳುತ್ತದೆ, ಎಡಪಕ್ಕೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಶಿಲ್ಪಿಗಳು ಕಲ್ಲು, ಕಂಚಿನಲ್ಲಿ ಸಾಧಿಸಿದ್ದು ಇದನ್ನೇ. ತ್ರಿಭಂಗಿಯಲ್ಲಿ, ಅಂದರೆ ಮೈ ಮೂರು ಕಡೆ ಬಾಗಿ, ನಿಂತ ಶಿಲ್ಪಗಳ ಬಳುಕಿನ ಹಿಂದಿರುವುದೂ ಇದೇ ಲೆಕ್ಕ. ಭುಜದ ಗೆರೆಯನ್ನೂ ಸೊಂಟದ ಗೆರೆಯನ್ನೂ ಸಮಾನಾಂತರವಾಗಿ ಎಳೆದ ಕ್ಷಣ ಆಕೃತಿ ಬೆದರುಬೊಂಬೆಯಾಗುತ್ತದೆ.

ಇನ್ನೊಂದು ಪರೀಕ್ಷೆಯಿದೆ. ಕಾಲರ್ ಬೋನ್‌ಗಳು ಕೂಡುವಲ್ಲಿ ಒಂದು ಸಣ್ಣ ತಗ್ಗು ಇದೆಯಲ್ಲ, ಆ ಕೊರಳಗುಳಿಯಿಂದ ತೂಕದ ದಾರ ಇಳಿಬಿಟ್ಟಂತೆ ನೇರ ಗೆರೆ ಕಲ್ಪಿಸಿಕೊಳ್ಳಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರಲ್ಲಿ ಅದು ಆ ಕಾಲಿನ ಒಳಹರಡಿನ, ಅಂದರೆ ಪಾದದ ಮೇಲಿನ ಒಳಗಂಟಿನ, ಹತ್ತಿರ ಬೀಳುತ್ತದೆ. ಎರಡೂ ಕಾಲಿಗೆ ಸಮ ಭಾರವಿದ್ದರೆ ಪಾದಗಳ ನಡುವೆ. ಓಡುವವರಲ್ಲಿ ನೆಲ ಒದೆಯುತ್ತಿರುವ ಪಾದಕ್ಕಿಂತ ಮುಂದೆ. ಗೋಡೆಗೆ ಒರಗಿದವರಲ್ಲಿ ಅದು ಪಾದಗಳಿಂದ ಆಚೆಗೇ ಹೋಗಿರುತ್ತದೆ. ಆದ್ದರಿಂದ ಒರಗಿದವರ ಚಿತ್ರದಲ್ಲಿ ಗೋಡೆಗೊಂದು ಗೆರೆ ಎಳೆಯಲೇಬೇಕು, ಇಲ್ಲದಿದ್ದರೆ ಬೀಳುತ್ತಿರುವ ಹಾಗೆ ಕಾಣುತ್ತಾರೆ. ಕೂತವರಲ್ಲಿ ಭಾರ ಇರುವುದು ಪೃಷ್ಠದಲ್ಲಿ, ಜೊತೆಗೆ ಸ್ವಲ್ಪ ತೊಡೆಯಲ್ಲಿ. ಬೆಂಚಿಗೆ ತಾಗಿದ ಕಡೆ ತೊಡೆಯ ಅಡಿ ಚಪ್ಪಟೆಯಾಗುತ್ತದೆ. ಅದನ್ನು ಗುಂಡಗೆ ಬಿಟ್ಟರೆ ಮನುಷ್ಯ ಬೆಂಚಿನಿಂದ ಒಂದಂಗುಲ ಮೇಲೆ ತೇಲುತ್ತಾನೆ.

ಮೂರು ಗಟ್ಟಿ ಭಾಗಗಳು

ಗೆಶ್ಚರ್ ಕೈಗೆ ಕೂರಲು ಶುರುವಾದ ಮೇಲೆ ಅದರ ಮೇಲೆ ಮೈ ಕಟ್ಟಬೇಕು. ದೊಡ್ಡವರ ದೇಹದಲ್ಲಿ 206 ಮೂಳೆಗಳಿವೆ. ಅಷ್ಟೂ ಈಗ ಬೇಡ. ತಲೆ, ಎದೆಗೂಡು, ಸೊಂಟದ ಗೂಡು, ಈ ಮೂರೂ ತಮ್ಮ ಆಕಾರ ಬಿಟ್ಟುಕೊಡದ ಗಟ್ಟಿ ಭಾಗಗಳು. ಬಾಗುವುದು, ತಿರುಗುವುದು, ಸುಕ್ಕಾಗುವುದು ಏನಿದ್ದರೂ ಇವುಗಳ ಮಧ್ಯೆ ಇರುವ ಕುತ್ತಿಗೆಯಲ್ಲಿ ಮತ್ತು ಹೊಟ್ಟೆಯ ಭಾಗದಲ್ಲಿ. ಎದೆಗೂಡನ್ನು ಮೇಲೆ ಕಿರಿದಾದ ಅಂಡಾಕಾರವಾಗಿ, ಸೊಂಟವನ್ನು ಪೆಟ್ಟಿಗೆಯಾಗಿ ಬಿಡಿಸಿ. ಪೆಟ್ಟಿಗೆ ಏಕೆಂದರೆ ಅದಕ್ಕೆ ಮುಂಭಾಗ, ಪಕ್ಕ, ಮೇಲ್ಭಾಗ ಇರುತ್ತವೆ, ಎತ್ತ ವಾಲಿದೆ ಎಂದು ಥಟ್ಟನೆ ಹೇಳಬಹುದು.

ಪಕ್ಕದಿಂದ ನೋಡಿದರೆ ಇವು ಒಂದರ ಮೇಲೊಂದು ನೆಟ್ಟಗೆ ಪೇರಿಸಿದಂತೆ ಇರುವುದಿಲ್ಲ. ಎದೆಗೂಡು ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಸೊಂಟದ ಗೂಡು ಮುಂದಕ್ಕೆ. ಕುತ್ತಿಗೆ ಭುಜಗಳ ನಡುವಿನಿಂದ ಮುಂದಕ್ಕೆ ಓರೆಯಾಗಿ ಹೊರಡುತ್ತದೆ. ಬೆನ್ನ ಕಡೆ ಕುತ್ತಿಗೆಯ ಬುಡದಲ್ಲಿ ಕೈಗೆ ಸಿಗುವ ಉಬ್ಬು ಮೂಳೆ, ಎದುರಿನ ಕೊರಳಗುಳಿಗಿಂತ ಎತ್ತರದಲ್ಲಿದೆ. ಹೊಸಬರ ಚಿತ್ರಗಳಲ್ಲಿ ಕುತ್ತಿಗೆ ನೆಟ್ಟಗೆ ನೆಟ್ಟ ಕೊಳವೆಯಂತಿರುವುದು ಈ ಓರೆಯನ್ನು ಗಮನಿಸದ್ದರಿಂದ.

ಮೈಯಲ್ಲಿ ಕೊಬ್ಬು, ಮಾಂಸ ಎಷ್ಟೇ ಇದ್ದರೂ ಕೆಲವು ಕಡೆ ಮೂಳೆ ಚರ್ಮದ ಅಡಿಯಲ್ಲೇ ಇರುತ್ತದೆ: ಕಾಲರ್ ಬೋನ್, ಮೊಣಕೈಯ ತುದಿ, ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆಯ ಗುಬುಟು, ಮೊಣಕಾಲ ಚಿಪ್ಪು, ಹರಡಿನ ಗಂಟುಗಳು. ಬಟ್ಟೆ ತೊಟ್ಟವರಲ್ಲೂ ಇವುಗಳಲ್ಲಿ ಒಂದೆರಡಾದರೂ ಸಿಕ್ಕೇ ಸಿಗುತ್ತವೆ. ದಾರಿ ತಪ್ಪಿತು ಅನಿಸಿದಾಗ ಇವನ್ನು ಹಿಡಿದು ಹಿಂತಿರುಗಿ.

ಅಳತೆ

ನೆತ್ತಿಯಿಂದ ಗದ್ದದವರೆಗಿನ ತಲೆಯ ಉದ್ದವೇ ಅಳತೆಗೋಲು. ವಯಸ್ಕರ ಎತ್ತರ ಸಾಮಾನ್ಯವಾಗಿ ಏಳರಿಂದ ಏಳೂವರೆ ತಲೆ. ಚಿತ್ರಶಾಲೆಗಳಲ್ಲಿ ಹೇಳಿಕೊಡುವ ಎಂಟು ತಲೆಯ ಲೆಕ್ಕ ಆದರ್ಶ ದೇಹದ್ದು. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೊಟ್ಟ ಪ್ರಮಾಣವೂ ಅದೇ, ಲಿಯೊನಾರ್ಡೊ ಡ ವಿಂಚಿ 1490ರ ಆಸುಪಾಸಿನಲ್ಲಿ ವೃತ್ತ, ಚೌಕಗಳ ನಡುವೆ ಕೈಕಾಲು ಚಾಚಿದ ಮನುಷ್ಯನನ್ನು ಬಿಡಿಸಿದ್ದು ಆತನ ಅಳತೆಗಳನ್ನು ಹಿಡಿದೇ. ಶಿಲ್ಪಶಾಸ್ತ್ರದ ತಾಲಮಾನದಲ್ಲಿ ತಾಲವೆಂದರೆ ಮುಖದ ಉದ್ದ; ಒಂದು ತಾಲಕ್ಕೆ 12 ಅಂಗುಲ, ನವತಾಲದ ಮೂರ್ತಿಗೆ 108 ಅಂಗುಲ. ಎಲ್ಲ ಕಡೆಯೂ ಉಪಾಯ ಒಂದೇ, ದೇಹವನ್ನು ಅದರದೇ ಒಂದು ತುಂಡಿನಿಂದ ಅಳೆಯುವುದು.

ಎಂಟು ತಲೆಯ ಲೆಕ್ಕದಲ್ಲಿ ಎರಡನೆಯದು ಎದೆತೊಟ್ಟಿನ ಮಟ್ಟಕ್ಕೆ, ಮೂರನೆಯದು ಹೊಕ್ಕುಳಿಗೆ, ನಾಲ್ಕನೆಯದು ತೊಡೆಗಳು ಕೂಡುವಲ್ಲಿಗೆ, ಆರನೆಯದು ಮೊಣಕಾಲ ಚಿಪ್ಪಿನ ಕೆಳಗೆ ಮುಗಿಯುತ್ತದೆ. ಇದರಲ್ಲಿ ನೆನಪಿಡಬೇಕಾದದ್ದು ಒಂದೇ: ದೇಹದ ಅರ್ಧ ಹೊಕ್ಕುಳಲ್ಲ, ತೊಡೆಗಳು ಕೂಡುವ ಜಾಗ. ಹೊಸಬರು ಕಾಲುಗಳನ್ನು ಗಿಡ್ಡ ಮಾಡುವುದು ಇಲ್ಲೇ ತಪ್ಪಿ. ಹಾಳೆಯ ಮೇಲೆ ನೆತ್ತಿಗೊಂದು, ಹಿಮ್ಮಡಿಗೊಂದು ಗುರುತು ಹಾಕಿ, ಅವುಗಳ ನಡುವೆ ಅರ್ಧಕ್ಕೆ ಇನ್ನೊಂದು ಹಾಕಿಕೊಂಡೇ ಶುರು ಮಾಡಿದರೆ ಪಾದ ಹಾಳೆಯಿಂದ ಆಚೆ ಹೋಗುವ ಪ್ರಶ್ನೆಯೂ ಇರುವುದಿಲ್ಲ.

ಕೈ ಇಳಿಬಿಟ್ಟಾಗ ಮೊಣಕೈ ನಡುವಿನ (ಹೊಟ್ಟೆಯ) ಮಟ್ಟಕ್ಕೆ, ಮಣಿಕಟ್ಟು ತೊಡೆ ಕೂಡುವ ಮಟ್ಟಕ್ಕೆ, ಬೆರಳ ತುದಿ ತೊಡೆಯ ಮಧ್ಯಕ್ಕೆ ಬರುತ್ತವೆ. ಹಸ್ತ ಗದ್ದದಿಂದ ಹಣೆಯ ಕೂದಲಂಚಿನವರೆಗಿನಷ್ಟು ಉದ್ದ, ಈಗಲೇ ಮುಖದ ಮೇಲಿಟ್ಟು ನೋಡಿ. ಪಾದ ಸುಮಾರಾಗಿ ಮೊಣಕೈಯ ಒಳಮಡಿಕೆಯಿಂದ ಮಣಿಕಟ್ಟಿನವರೆಗಿನಷ್ಟು. ಕೈ, ಪಾದಗಳನ್ನು ಚಿಕ್ಕದು ಮಾಡುವುದು ಬಹುತೇಕ ಎಲ್ಲರ ಚಟ. ಮಕ್ಕಳ ಲೆಕ್ಕ ಬೇರೆ. ಹುಟ್ಟಿದ ಕೂಸು ಸುಮಾರು ನಾಲ್ಕು ತಲೆಯಷ್ಟೇ ಉದ್ದ. ಏಳು ತಲೆಯ ಮಗುವನ್ನು ಬಿಡಿಸಿದರೆ ಅದು ಕುಗ್ಗಿಸಿದ ದೊಡ್ಡವರಂತೆ ಕಾಣುತ್ತದೆ.

ಈ ಅಂಕಿಗಳು ಊರುಗೋಲು ಮಾತ್ರ. ಎದುರಿಗಿರುವವರು ಆರೂವರೆ ತಲೆ ಇದ್ದರೆ ಆರೂವರೆಯೇ ಬರಬೇಕು. ಅದಕ್ಕೆ ಕಣ್ಣಳತೆ ಬೇಕು. ಮೊಣಕೈ ಮಡಿಸದೆ ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ. ಪೆನ್ಸಿಲಿನ ತುದಿ ನೆತ್ತಿಗೆ, ಹೆಬ್ಬೆರಳಿನ ಉಗುರು ಗದ್ದಕ್ಕೆ. ಆ ಅಳತೆಯನ್ನು ಕೆಳಗೆ ಕೆಳಗೆ ಇಳಿಸುತ್ತ ಎಣಿಸಿ. ಮೊಣಕೈ ಸ್ವಲ್ಪ ಮಡಚಿದರೂ ಅಳತೆ ಬದಲಾಗುತ್ತದೆ. ಓರೆಗಳಿಗೂ ಇದೇ ಪೆನ್ಸಿಲ್: ತೋಳಿನ ವಾಲಿಗೆ ಸರಿಯಾಗಿ ಹಿಡಿದು, ಆ ಕೋನ ಬದಲಾಗದಂತೆ ಹಾಳೆಯ ಮೇಲೆ ತನ್ನಿ.

ಇದರ ಜೊತೆಗೆ ಖಾಲಿ ಜಾಗಗಳನ್ನು ನೋಡಿ. ಸೊಂಟದ ಮೇಲೆ ಕೈಯಿಟ್ಟವರ ತೋಳು ಮತ್ತು ಪಕ್ಕೆಯ ನಡುವೆ ಒಂದು ತ್ರಿಕೋನ ಉಳಿಯುತ್ತದೆ. ತೋಳು ಹೇಗಿರಬೇಕೆಂದು ಮನಸ್ಸಿಗೆ ಮೊದಲೇ ಒಂದು ಅಭಿಪ್ರಾಯವಿದೆ, ಆ ತ್ರಿಕೋನದ ಬಗ್ಗೆ ಏನೂ ಇಲ್ಲ. ಹಾಗಾಗಿ ತ್ರಿಕೋನವನ್ನು ಬಿಡಿಸಿದರೆ ತೋಳು ಸರಿಯಾಗಿ ಬರುತ್ತದೆ.

ಕಾಲಿನ ಏರಿಳಿತ

ಕೈಕಾಲುಗಳನ್ನು ಕೊಳವೆಗಳಾಗಿ ಬಿಡಿಸುವುದು ಒಳ್ಳೆಯ ಆರಂಭ. ಮಗ್ಗುಲಿಂದ ಮಗ್ಗುಲಿಗೆ ಬಳೆಯಂಥ ಅಡ್ಡಗೆರೆ ಎಳೆದರೆ ಅದು ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯುತ್ತದೆ. ಆದರೆ ಅಲ್ಲೇ ನಿಂತರೆ ಎರಡೂ ಬದಿಯ ಉಬ್ಬು ಎದುರುಬದುರಾಗಿ ಕೂತು ಕಾಲು ಹೂಜಿಯಾಗುತ್ತದೆ.

ಮುಂದಿನಿಂದ ಕಾಲನ್ನು ನೋಡಿ. ಮೀನಖಂಡದ ಹೊರಗಡೆಯ ಉಬ್ಬು ಮೇಲಿದೆ, ಒಳಗಡೆಯದು ಅದಕ್ಕಿಂತ ಕೆಳಗೆ. ಹರಡಿಗೆ ಬಂದಾಗ ಇದು ಅದಲುಬದಲು. ಒಳಗಂಟು ಮೇಲೆ, ಹೊರಗಂಟು ಕೆಳಗೆ. ಉಬ್ಬುಗಳನ್ನು ಜೋಡಿಸುವ ಓರೆಗೆರೆ ಒಂದು ಕಡೆಗೆ ವಾಲಿದರೆ, ಗಂಟುಗಳನ್ನು ಜೋಡಿಸುವುದು ಇನ್ನೊಂದು ಕಡೆಗೆ. ಈ ಎರಡು ಓರೆ ಬಂದರೆ ಸಾಕು, ಮಿಕ್ಕ ಯಾವ ವಿವರವಿಲ್ಲದೆಯೂ ಅದು ಮನುಷ್ಯನ ಕಾಲೇ. ಪಕ್ಕದಿಂದ ನೋಡಿದರೆ ತೊಡೆ ಮುಂದಕ್ಕೆ ಉಬ್ಬುತ್ತದೆ, ಮೀನಖಂಡ ಹಿಂದಕ್ಕೆ. ಇಡೀ ಕಾಲು ಬಳುಕಿದ ಒಂದು ಗೆರೆಯಾಗುತ್ತದೆ.

ಮುಂಗೈಯಲ್ಲಿ ಎರಡು ಮೂಳೆಗಳು. ಅಂಗೈ ಮೇಲ್ಮುಖವಾಗಿದ್ದಾಗ ಅವು ಅಕ್ಕಪಕ್ಕ ಇರುತ್ತವೆ, ಕವುಚಿದಾಗ ಹೆಬ್ಬೆರಳ ಕಡೆಯದು ಇನ್ನೊಂದರ ಮೇಲೆ ಹಾದು ಅಡ್ಡಬರುತ್ತದೆ. ಒಂದು ಕೈಯಿಂದ ಇನ್ನೊಂದು ಮುಂಗೈಯನ್ನು ಹಿಡಿದು ತಿರುಗಿಸಿದರೆ ಅದು ಸರಿಯುವುದು ಕೈಗೆ ತಿಳಿಯುತ್ತದೆ.

ನಮ್ಮ ಕಡೆ ಚಾಚಿದ ಕೈ

ಎದುರಿಗೆ ಚಾಚಿದ ತೋಳು, ಹಾಸಿಗೆಯ ಮೇಲೆ ಮಲಗಿದವರ ಪಾದದ ಕಡೆಯ ನೋಟ, ಇಂಥಲ್ಲಿ ಉದ್ದ ಮೊಟಕಾಗಿ ಕಾಣುತ್ತದೆ. ಮನಸ್ಸು ಒಪ್ಪುವುದಿಲ್ಲ, ತೋಳು ಉದ್ದವಿರಬೇಕು ಎಂದು ಹಟ ಹಿಡಿಯುತ್ತದೆ. ಇಲ್ಲಿ ತಲೆಯ ಲೆಕ್ಕ ಕೈಕೊಡುತ್ತದೆ, ಪೆನ್ಸಿಲ್ ಹಿಡಿದ ಅಳತೆಯನ್ನೇ ನಂಬಿ. ಯಾವುದು ಯಾವುದನ್ನು ಮರೆಮಾಡಿದೆ ನೋಡಿ: ಹಸ್ತ ಮಣಿಕಟ್ಟನ್ನು, ಮುಂಗೈ ಮೊಣಕೈಯನ್ನು. ಹತ್ತಿರದ ಭಾಗದ ಗೆರೆಯನ್ನು ಪೂರ್ತಿ ಮಾಡಿ, ಹಿಂದಿನದರ ಗೆರೆ ಅದರ ಮರೆಯಲ್ಲಿ ಕೊನೆಯಾಗಲಿ. ಆ ಒಂದು ಕೂಡುಗೆರೆ ಮಾಡುವ ಕೆಲಸವನ್ನು ಎಷ್ಟು ಶೇಡಿಂಗ್ ಹಾಕಿದರೂ ಮಾಡಲಾಗದು.

ಹಸ್ತ, ಪಾದ, ಬಟ್ಟೆ, ನೆರಳು

ಬೆರಳುಗಳಿಂದ ಶುರು ಮಾಡಿದರೆ ಹಸ್ತ ಕೆಡುತ್ತದೆ. ಮೊದಲು ಅಂಗೈಯನ್ನು ದಪ್ಪ ಚೌಕದ ಬಿಲ್ಲೆಯಾಗಿ ಬಿಡಿಸಿ, ನಾಲ್ಕು ಬೆರಳನ್ನೂ ಸೇರಿಸಿ ಒಂದೇ ತುಂಡಾಗಿ ಇಡಿ, ಹೆಬ್ಬೆರಳನ್ನು ಬೇರೆಯಾಗಿ ಜೋಡಿಸಿ. ಗೆಣ್ಣುಗಳು ನೇರ ಸಾಲಿನಲ್ಲಿಲ್ಲ, ಕಮಾನಿನಂತಿವೆ. ಹಸ್ತದ ಹಿಂಬದಿಯಿಂದ ನೋಡಿದರೆ ಬೆರಳು ಉದ್ದ, ಅಂಗೈ ಕಡೆಯಿಂದ ಗಿಡ್ಡ. ಬೆರಳ ಸಂದಿನ ಚರ್ಮ ಗೆಣ್ಣಿನಿಂದ ಮುಂದೆ ಬಂದಿರುವುದು ಇದಕ್ಕೆ ಕಾರಣ. ನಿಮ್ಮದೇ ಇನ್ನೊಂದು ಕೈ ಸದಾ ಜೊತೆಗಿರುವ ಮಾಡೆಲ್. ಪಾದವನ್ನು ಬೆಣೆಯ ಆಕಾರದಲ್ಲಿ ಹಿಡಿಯಿರಿ, ಅದರ ಹೊರಅಂಚು ನೆಲಕ್ಕೆ ತಾಗಿರುತ್ತದೆ, ಒಳಅಂಚು ಕಮಾನಾಗಿ ಎದ್ದಿರುತ್ತದೆ.

ಬಟ್ಟೆಯ ನೆರಿಗೆಗಳನ್ನೆಲ್ಲ ನಕಲು ಮಾಡಬೇಡಿ. ಬಟ್ಟೆ ಎಲ್ಲಿಂದ ಜೋತುಬಿದ್ದಿದೆಯೋ ಅಲ್ಲಿಂದ, ಅಂದರೆ ಭುಜ, ಮೊಣಕೈ, ಮೊಣಕಾಲುಗಳಿಂದ ಹೊರಡುವ ನಾಲ್ಕಾರು ನೆರಿಗೆ ಸಾಕು. ಶೇಡಿಂಗ್‌ಗೆ ಬೆಳಕು ಒಂದೇ ಕಡೆಯಿಂದ ಬೀಳಲಿ. ಕಣ್ಣು ಅರೆಮುಚ್ಚಿ ನೋಡಿ, ಬೆಳಕಿನ ಭಾಗ, ನೆರಳಿನ ಭಾಗ ಎಂದು ಎರಡೇ ಪಾಲು ಮಾಡಿಕೊಳ್ಳಿ. ಮಧ್ಯದ ಛಾಯೆಗಳು ಆಮೇಲೆ. ನಿಲ್ಲದ ಆಕೃತಿ ಶೇಡಿಂಗ್ ಹಾಕಿದ ಮಾತ್ರಕ್ಕೆ ನಿಲ್ಲುವುದಿಲ್ಲ.

ಯಾರನ್ನು ನೋಡಿ ಬಿಡಿಸುವುದು

ಜೀವಂತ ಮನುಷ್ಯರನ್ನು, ಸಾಧ್ಯವಾದಾಗಲೆಲ್ಲ. ಓದುತ್ತ ಕೂತವರು, ಸಾಲಿನಲ್ಲಿ ನಿಂತವರು, ನಿದ್ದೆ ಮಾಡುತ್ತಿರುವವರು ಸಾಕಷ್ಟು ಹೊತ್ತು ಅಲುಗಾಡುವುದಿಲ್ಲ. ಅಲುಗಾಡಿದರೆ ಆ ಚಿತ್ರ ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡಿ, ಮೊದಲ ಭಂಗಿಗೆ ಮರಳಿದರೆ ನೀವೂ ಮರಳಿ. ಪರಿಚಯವಿಲ್ಲದವರ ಮುಖವನ್ನೇ ದಿಟ್ಟಿಸುತ್ತ ಕೂರುವುದು ತರವಲ್ಲ, ಯಾರಾದರೂ ಮುಜುಗರಪಟ್ಟರೆ ಪುಸ್ತಕ ಮುಚ್ಚಿಬಿಡಿ. ಮಾಡೆಲ್ ಕೂರಿಸಿ ಕಲಿಸುವ ತರಗತಿ ಸಿಕ್ಕರೆ ತಪ್ಪದೆ ಹೋಗಿ. ಅಲ್ಲಿ ಫೋಟೋ ತೆಗೆಯುವಂತಿಲ್ಲ, ಮಾಡೆಲ್‌ನ ಮೈ ಬಗ್ಗೆ ಮಾತಾಡುವಂತಿಲ್ಲ.

ಫೋಟೋ ನೋಡಿ ಬಿಡಿಸುವುದು ಅಪರಾಧವೇನಲ್ಲ. ಆದರೆ ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಫೋಟೋದಲ್ಲಿ ಹತ್ತಿರದ ಭಾಗ ಹಿಗ್ಗಿ ದೂರದ್ದು ಕುಗ್ಗುತ್ತದೆ. ನೀವೇ ತೆಗೆಯುವುದಾದರೆ ಮೂರ್ನಾಲ್ಕು ಮೀಟರ್ ಹಿಂದೆ ಸರಿದು, ಹೊಟ್ಟೆಯ ಎತ್ತರದಲ್ಲಿ ಕ್ಯಾಮೆರಾ ಹಿಡಿದು, ಜೂಮ್ ಮಾಡಿ ತೆಗೆಯಿರಿ. ನಡೆಯುವ, ಓಡುವ, ನೆಗೆಯುವ ದೇಹಕ್ಕೆ ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ ಸರಣಿ ಛಾಯಾಚಿತ್ರಗಳು ಇಂದಿಗೂ ಉಪಯುಕ್ತ. ಒಂದೊಂದು ಹೆಜ್ಜೆಯಲ್ಲೂ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವುದನ್ನು ಅವುಗಳಲ್ಲಿ ಬಿಡಿಬಿಡಿಯಾಗಿ ನೋಡಬಹುದು.

ದಿನಕ್ಕೆ ಅರ್ಧ ಗಂಟೆ

30 ಸೆಕೆಂಡಿನ ಹತ್ತು, ಒಂದು ನಿಮಿಷದ ಐದು, ಐದು ನಿಮಿಷದ ಎರಡು, ಹತ್ತು ನಿಮಿಷದ ಒಂದು, ಒಟ್ಟು ಅರ್ಧ ಗಂಟೆ. ಚಿಕ್ಕ ಅವಧಿಯವು ಗೆಶ್ಚರ್ ಮಾತ್ರ. ಐದು ನಿಮಿಷದವುಗಳಲ್ಲಿ ಮೂರು ಗಟ್ಟಿ ಭಾಗಗಳನ್ನು ಕೂರಿಸಿ. ಹತ್ತು ನಿಮಿಷದ್ದರಲ್ಲಿ ಅಳತೆ ನೋಡಿ, ಮೂಳೆಯ ಗುರುತುಗಳನ್ನು ಹಾಕಿ, ಸಮಯ ಉಳಿದರೆ ನೆರಳು. ವಾರಕ್ಕೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ಇದು ಬೇಗ ಕೈ ಹತ್ತುತ್ತದೆ.

ಮುಗಿದ ಮೇಲೆ ಹತ್ತು ನಿಮಿಷದ ಚಿತ್ರವನ್ನು ತಲೆಕೆಳಗು ಮಾಡಿ ಅಥವಾ ಕನ್ನಡಿಯಲ್ಲಿ ನೋಡಿ. ಇಷ್ಟು ಹೊತ್ತು ಕಣ್ಣಿಗೆ ಬೀಳದ ವಾಲು, ಉದ್ದಗಿಡ್ಡ ಆಗ ಎದ್ದು ಕಾಣುತ್ತವೆ. ಕೊರಳಗುಳಿಯಿಂದ ನೇರ ಗೆರೆ ಇಳಿಸಿ ಆ ಭಂಗಿಗೆ ತಕ್ಕ ಜಾಗದಲ್ಲಿ ಬೀಳುತ್ತದೆಯೋ ಪರೀಕ್ಷಿಸಿ. ಆಮೇಲೆ ಅದನ್ನು ಮಗುಚಿಟ್ಟು, ಮಾಡೆಲ್ ಅಥವಾ ಫೋಟೋ ಯಾವುದನ್ನೂ ನೋಡದೆ ಅದೇ ಭಂಗಿಯನ್ನು ಒಂದು ನಿಮಿಷದಲ್ಲಿ ನೆನಪಿನಿಂದ ಬಿಡಿಸಿ. ಮುಖ ಮರೆತಿದ್ದರೆ ಚಿಂತೆಯಿಲ್ಲ. ಯಾವ ಕಾಲಿನ ಮೇಲೆ ನಿಂತಿದ್ದರು ಎಂಬುದೇ ಮರೆತಿದ್ದರೆ ಮಾರನೆಯ ದಿನ ಐದು, ಹತ್ತು ನಿಮಿಷದವುಗಳನ್ನು ಬಿಟ್ಟು ಅಷ್ಟೂ ಹೊತ್ತು ಗೆಶ್ಚರ್ ಮಾಡಿ.